ನಾಲ್ಕು ತಂತಿವಾದ್ಯಗಳಿಗೆ ಕಿವಿಗೊಡುವ ಬಗೆ

ಹೈದರಾಬಾದಿನ ಹಿಮಾಯತ್‌ನಗರದ ನನ್ನ ಕನ್ನಡ ಗೆಳೆಯರು ತ್ಯಾಗರಾಜರ ಕೃತಿಗೂ ತಲೆದೂಗುತ್ತಾರೆ, ಮಲ್ಲಿಕಾರ್ಜುನ ಮನ್ಸೂರರಿಗೂ ಮನಸೋಲುತ್ತಾರೆ. ಪಾಶ್ಚಾತ್ಯ ಸಂಗೀತ ಅಂದರೆ ಮಾತ್ರ ‘ಅದು ನಮಗಲ್ಲ ಬಿಡಿ’ ಎನ್ನುತ್ತಾರೆ. ಆಗ ನಾನು ಆಕಾಶವಾಣಿಯ ಆರಂಭದ ಧುನ್ ನೆನಪಿಸುತ್ತೇನೆ. ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಯುವ, ಶಿವರಂಜಿನಿಯ ಛಾಯೆಯ ಆ ಧುನ್ ಕಟ್ಟಿದವರು ವಾಲ್ಟರ್ ಕೌಫ್‌ಮನ್. 1907ರಲ್ಲಿ ಈಗಿನ ಚೆಕ್ ನಾಡಿನ ಕಾರ್ಲೊವಿ ವಾರಿಯಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕಾಟ ಶುರುವಾದಾಗ, 1934ರಲ್ಲಿ, ಮುಂಬೈಗೆ ಬಂದರು. ಬಂದ ಕೆಲವೇ ತಿಂಗಳಲ್ಲಿ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಸ್ಥಾಪಿಸಿದರು. ಅಲ್ಲಿ ಪಿಟೀಲು ಹಿಡಿದವರು ವಾದ್ಯವೃಂದ ನಿರ್ದೇಶಕ ಜುಬಿನ್ ಮೆಹ್ತಾ ಅವರ ತಂದೆ ಮೆಹ್ಲಿ ಮೆಹ್ತಾ. ಆ ವರ್ಷಗಳಲ್ಲಿ ಕೌಫ್‌ಮನ್ ಬರೆದ, ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್‌ಗಳಲ್ಲಿ ಎರಡನ್ನು ಟೊರೊಂಟೊದ ಎಆರ್‌ಸಿ ಎನ್‌ಸೆಂಬಲ್ ಧ್ವನಿಮುದ್ರಿಸಿದೆ. ಮುಂದೆ ಅಮೆರಿಕದಲ್ಲಿ ನೆಲೆಸಿ, ಉತ್ತರ ಮತ್ತು ದಕ್ಷಿಣ ಭಾರತದ ರಾಗಗಳ ಮೇಲೆ ಎರಡು ದೊಡ್ಡ ಗ್ರಂಥಗಳನ್ನೂ ಬರೆದರು. ಈ ಸಂಗೀತ ನಮ್ಮ ಬಾಗಿಲಿಗೆ ಬಂದು ಎಷ್ಟೋ ಕಾಲವಾಯಿತು.

ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ: ಇಷ್ಟೇ ಕ್ವಾರ್ಟೆಟ್. ಕಚೇರಿಯಲ್ಲಿ ಮುಖ್ಯ ಕಲಾವಿದರನ್ನೇ ಹಿಂಬಾಲಿಸಿ ರೂಢಿಯಾದ ಕಿವಿ ಇಲ್ಲಿ ಯಾರನ್ನು ಹಿಡಿಯುವುದೆಂದು ತಬ್ಬಿಬ್ಬಾಗುತ್ತದೆ. ಮೊದಲು ವಿಯೋಲಾವನ್ನು ಹಿಡಿಯಿರಿ. ಪಿಟೀಲಿಗಿಂತ ತುಸು ದೊಡ್ಡದು, ದನಿ ಕೆಳಗಿನದು. ಬಾಲಮುರಳೀಕೃಷ್ಣ ಅವರ ಕೈಯಲ್ಲಿ ಅದನ್ನು ಕೇಳಿದವರಿಗೆ ಆ ದನಿ ಹೊಸದಲ್ಲ.

ಚೆಕ್ ಸಂಗೀತಕಾರ ಡ್ವೊರ್ಜಾಕ್ ಸ್ವತಃ ವಿಯೋಲಾ ವಾದಕ. 1893ರ ಬೇಸಿಗೆಯಲ್ಲಿ, ಅಮೆರಿಕದ ಸ್ಪಿಲ್‌ವಿಲ್ ಎಂಬ ಚೆಕ್ ವಲಸಿಗರ ಹಳ್ಳಿಯಲ್ಲಿ ಬರೆದ ‘ಅಮೆರಿಕನ್’ ಕ್ವಾರ್ಟೆಟ್‌ನಲ್ಲಿ ಮೊದಲ ರಾಗಧಾರೆಯನ್ನು ವಿಯೋಲಾಕ್ಕೇ ಕೊಟ್ಟರು. ಅದರ ಐದು ಸ್ವರಗಳು ನಮ್ಮ ಮೋಹನದ್ದೇ. ಗಮಕ ಹುಡುಕಬೇಡಿ, ಸಿಗದು. ಅದೇ ಎಳೆ ವಿಯೋಲಾದಿಂದ ಪಿಟೀಲಿಗೆ ಹೋದಾಗ ಕೆಳಗಿನ ಸ್ವರಗಳು ಹೇಗೆ ಬದಲಾಗುತ್ತವೆ ಎಂದು ಗಮನಿಸಿ. ಆ ಬದಲಾವಣೆಯಲ್ಲೇ ಈ ಸಂಗೀತದ ರಸವಿದೆ.

ಆಮೇಲೆ ಇನ್ನೊಬ್ಬ ಚೆಕ್ ಸಂಗೀತಕಾರ ಸ್ಮೆತನಾ. 1874ರಲ್ಲಿ ಕಿವುಡಾದ ಅವರು 1876ರಲ್ಲಿ ಬರೆದ ಕ್ವಾರ್ಟೆಟ್‌ನ ಹೆಸರು ‘ನನ್ನ ಬದುಕಿನಿಂದ’. ಕೊನೆಯ ಭಾಗ ಕುಣಿಯುತ್ತಾ ಸಾಗಿ ಒಮ್ಮೆಗೇ ನಿಲ್ಲುತ್ತದೆ. ಉಳಿದವರು ಕೆಳಗೆ ನಡುಗುತ್ತಿರುವಾಗ ಮೊದಲ ಪಿಟೀಲು ಒಂದೇ ತಾರಸ್ವರವನ್ನು ಸೀಳಿದ ಹಾಗೆ ಹಿಡಿಯುತ್ತದೆ. ಕಿವುಡಾಗುವ ಮುನ್ನ ಅವರ ಕಿವಿಯೊಳಗೆ ಮೊರೆದ ಸದ್ದು ಅದು. ನಮ್ಮ ಲಿಬರ್ಟಿ ವೃತ್ತದ ಕಡೆಯ ವಾಹನಗಳ ಗದ್ದಲದಲ್ಲಿ ಇದನ್ನು ಕೇಳಬೇಡಿ. ರಾತ್ರಿ ಹತ್ತಾಗಲಿ, ಫ್ಯಾನೂ ನಿಲ್ಲಲಿ.

ಹಂಗೇರಿಯ ಬಾರ್ಟೋಕ್ ಮೊದಲಿಗೆ ಒರಟು ಅನ್ನಿಸಬಹುದು, ಬಿಡಬೇಡಿ. ಇವರೂ ಹಂಗೇರಿಯವರೇ ಆದ ಸಂಗೀತಕಾರ ಕೊದಾಯಿಯೂ 1900ರ ದಶಕದಲ್ಲೇ ಫೋನೊಗ್ರಾಫ್ ಹೊತ್ತು ಹಳ್ಳಿಹಳ್ಳಿ ಅಲೆದು ರೈತರ ಹಾಡುಗಳನ್ನು ಮೇಣದ ಸಿಲಿಂಡರುಗಳಲ್ಲಿ ಹಿಡಿದವರು. ಬಾರ್ಟೋಕರ ಆರು ಕ್ವಾರ್ಟೆಟ್‌ಗಳಲ್ಲಿ ನಾಲ್ಕನೆಯದರ ನಡುಭಾಗದಿಂದ ಆರಂಭಿಸಿ ಎನ್ನುತ್ತೇನೆ. ಮೂವರು ಸ್ವರಗಳನ್ನು ಅಲುಗಿಸದೆ ಹಿಡಿದಿರುತ್ತಾರೆ, ಅದರ ಮೇಲೆ ಚೆಲ್ಲೊ ಒಂಟಿಯಾಗಿ ತಡವರಿಸುತ್ತಾ ಮಾತನಾಡುತ್ತದೆ. ಆಲಾಪನೆ ಕೇಳಿ ಬೆಳೆದವರಿಗೆ ಇಲ್ಲಿ ವಿವರಣೆಯೇ ಬೇಕಿಲ್ಲ. ಮುಂದಿನ ಭಾಗದಲ್ಲಿ ಯಾರೂ ಕಮಾನು ಮುಟ್ಟುವುದಿಲ್ಲ, ಎಲ್ಲರೂ ಬೆರಳಿನಿಂದಲೇ ಮೀಟುತ್ತಾರೆ. ಒಮ್ಮೊಮ್ಮೆ ಎಳೆದುಬಿಟ್ಟ ತಂತಿ ಮರಕ್ಕೆ ಬಡಿದು ಫಟ್ಟೆನ್ನುತ್ತದೆ. ಆ ಪೆಟ್ಟಿಗೆ ಈಗ ಬಾರ್ಟೋಕರದೇ ಹೆಸರು.

1934ರ ಐದನೆಯ ಕ್ವಾರ್ಟೆಟ್‌ನಲ್ಲಿ ಬಲ್ಗೇರಿಯಾ ಲಯದ ಒಂದು ಭಾಗವಿದೆ: ನಾಲ್ಕು, ಎರಡು, ಮೂರು, ಒಟ್ಟು ಒಂಬತ್ತು. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿ. ನಡುವೆ ಲೆಕ್ಕ ಮೂರು, ಎರಡು, ಎರಡು, ಮೂರು ಎಂದು ಹತ್ತಕ್ಕೆ ಹೊರಳುತ್ತದೆ. ಅಲ್ಲಿ ಕೈ ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಹಿಡಿಯಿರಿ. ಮನೆಯಲ್ಲಿ ತಾಳ ಹಾಕುವುದು ಸರಿ, ಸಭಾಂಗಣದಲ್ಲಿ ಬೇಡ. ಚಪ್ಪಾಳೆಯೂ ಎಲ್ಲ ಭಾಗಗಳು ಮುಗಿದು ಕಮಾನುಗಳು ಕೆಳಗಿಳಿದ ಮೇಲೆಯೇ.