31ನೆಯ ಸ್ಥಾನ: ಸ್ಯಾಮ್ ಕುಕ್‌ನ ಒಂದು ಹಾಡನ್ನು ಕುರಿತು

ಅಮೆರಿಕದ ಸೋಲ್ ಗಾಯಕರಲ್ಲಿ ಅಗ್ರಗಣ್ಯನಾದ ಸ್ಯಾಮ್ ಕುಕ್‌ನ ‘ಎ ಚೇಂಜ್ ಈಸ್ ಗೊನ್ನಾ ಕಮ್’ ಎಂಬ ಹಾಡು ಸಿಂಗಲ್ ರೂಪದಲ್ಲಿ ಹೊರಬಂದುದು 1964ರ ಡಿಸೆಂಬರ್ 22ರಂದು. ಗಾಯಕನು ಲಾಸ್ ಏಂಜಲಿಸ್‌ನ ಮೋಟೆಲೊಂದರಲ್ಲಿ ಗುಂಡೇಟಿನಿಂದ ಮಡಿದು ಆಗ ಹನ್ನೊಂದು ದಿನಗಳಾಗಿದ್ದುವು. ‘ಬಿಲ್‌ಬೋರ್ಡ್’ ಎಂಬ ವ್ಯಾಪಾರ ಪತ್ರಿಕೆಯ ‘ಹಾಟ್ ಹಂಡ್ರೆಡ್’ ಪಟ್ಟಿಯಲ್ಲಿ 1965ರಲ್ಲಿ ಅದು ಮುಟ್ಟಿದ ಅತ್ಯುನ್ನತ ಸ್ಥಾನ 31. ಇದನ್ನೇ ಹಿಡಿದು, ಹಾಡಿಗೆ ತನ್ನ ಕಾಲದಲ್ಲಿ ಸಾಧಾರಣ ಮನ್ನಣೆ ದೊರೆಯಿತೆಂದೂ ಅದರ ಕೀರ್ತಿಯೆಲ್ಲ ಮುಂದಿನ ತಲೆಮಾರಿನ ಸೃಷ್ಟಿಯೆಂದೂ ಹೇಳಿಬಿಡುವುದು ಸುಲಭ. ಈ ನಿರ್ಣಯವನ್ನು ನಾವು ಒಪ್ಪಲಾರೆವು. ಶಾಸನವನ್ನು ಹಾಕಿಸಿದವರಾರು, ಯಾರಿಗಾಗಿ ಹಾಕಿಸಿದರು ಎಂದು ವಿಚಾರಿಸದೆ ಅದರ ಮಾತನ್ನು ನಂಬದ ನಾವು, ಜನಪ್ರಿಯತೆಯ ಪಟ್ಟಿಯನ್ನು ಮಾತ್ರ ಪರೀಕ್ಷೆಯಿಲ್ಲದೆ ಏಕೆ ನಂಬಬೇಕು?

ಮೊದಲನೆಯದಾಗಿ, ಇದು ತಟ್ಟೆಯ ಹಿಂಬದಿಯ ಹಾಡು. ಮುಂಬದಿಯಲ್ಲಿದ್ದುದು ‘ಶೇಕ್’ ಎಂಬ ನೃತ್ಯಗೀತೆ. ಅದು 7ನೆಯ ಸ್ಥಾನಕ್ಕೇರಿತು. ಕೊಳ್ಳುವವನು ಒಂದೇ ಬೆಲೆಗೆ ಎರಡು ಹಾಡುಗಳನ್ನೂ ಕೊಳ್ಳುತ್ತಾನೆ. ಯಾವ ಹಾಡಿಗಾಗಿ ಕೊಂಡನೆಂಬುದನ್ನು ಮಾರಾಟದ ಲೆಕ್ಕ ತಾನಾಗಿ ಹೇಳಲಾರದು. ಹಿಂಬದಿಯ ಹಾಡೊಂದು ತನ್ನ ಹೆಸರಿನಲ್ಲಿಯೇ ಪಟ್ಟಿಯನ್ನು ಹೊಕ್ಕು 31ಕ್ಕೆ ಏರಿದುದೇ ವಿಶೇಷವೆಂದು ನಮ್ಮ ಅಭಿಪ್ರಾಯ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಕಪ್ಪು ಜನರ ಅಭಿರುಚಿಯನ್ನು ದಾಖಲಿಸುವ ಉದ್ದೇಶದ ‘ರಿದಂ ಅಂಡ್ ಬ್ಲೂಸ್’ ಪಟ್ಟಿಯನ್ನು ಅದೇ ಪತ್ರಿಕೆಯು 1963ರ ನವೆಂಬರ್ ಕೊನೆಯಲ್ಲಿ ನಿಲ್ಲಿಸಿತ್ತು. ಪುನಃ ಆರಂಭಿಸಿದುದು 1965ರ ಜನವರಿ ಕೊನೆಗೆ. ಅಂದರೆ, ನಾಗರಿಕ ಹಕ್ಕುಗಳ ಕಾಯಿದೆಯು ಅಂಗೀಕೃತವಾದ 1964ನೆಯ ಇಸವಿಯಿಡೀ ಆ ಪಟ್ಟಿಯೇ ಇರಲಿಲ್ಲ. ಹಾಡು ಹೊರಬಂದ ವಾರಗಳಲ್ಲಿ, ಅದು ಯಾರ ಬಾಳನ್ನು ಕುರಿತದ್ದೋ ಅವರ ಎಣಿಕೆಯನ್ನು ‘ಬಿಲ್‌ಬೋರ್ಡ್’ ಪ್ರತ್ಯೇಕವಾಗಿ ಪ್ರಕಟಿಸುತ್ತಿರಲಿಲ್ಲ. ಪಟ್ಟಿ ಮರಳಿ ಬಂದ ಮೇಲೆ ಹಾಡು ಅದರಲ್ಲಿ 9ನೆಯ ಸ್ಥಾನ ಪಡೆಯಿತು. 9 ಮತ್ತು 31ರ ನಡುವಣ ಅಂತರವು ಹಾಡಿನ ಗುಣದ ಅಳತೆಯಲ್ಲ, ಕೇಳುವವರು ಇಬ್ಭಾಗವಾಗಿದ್ದುದರ ಅಳತೆ.

ಇಷ್ಟಾದರೂ, ಎಣಿಸಲ್ಪಟ್ಟುದು ಯಾವ ಹಾಡು ಎಂಬ ಪ್ರಶ್ನೆ ಉಳಿಯುತ್ತದೆ. ಈ ಹಾಡಿಗೆ ಎರಡು ಪಾಠಗಳಿವೆ. 1964ರ ಜನವರಿಯಲ್ಲಿ ಹಾಲಿವುಡ್‌ನಲ್ಲಿ ಮುದ್ರಿತವಾಗಿ, ಅದೇ ವರ್ಷ ‘ಏಂಟ್ ದಟ್ ಗುಡ್ ನ್ಯೂಸ್’ ಆಲ್ಬಂನಲ್ಲಿ ಬಂದುದು ಪೂರ್ಣಪಾಠ. ಸಿಂಗಲ್‌ನಲ್ಲಿರುವುದು ಒಂದು ಚರಣವನ್ನು ಕತ್ತರಿಸಿದ ಪಾಠ. ಬಿಟ್ಟುಹೋದ ಚರಣ ಯಾವುದು? ಚಿತ್ರಮಂದಿರಕ್ಕೂ ಪೇಟೆಗೂ ಹೋದವನನ್ನು ಅಲ್ಲಿ ಸುಳಿಯಬೇಡವೆಂದು ಗದರಿಸುವ ಚರಣ! ವರ್ಣಭೇದದ ಅನುಭವವನ್ನು ಹಾಡು ನೇರವಾಗಿ ನುಡಿಯುವುದು ಅಲ್ಲೊಂದೆಡೆಯಲ್ಲಿಯೇ. 1963ರ ಅಕ್ಟೋಬರಿನಲ್ಲಿ ಲೂಯಿಸಿಯಾನದ ಶ್ರೀವ್‌ಪೋರ್ಟ್‌ನಲ್ಲಿ ತಂಗುಮನೆಯೊಂದು ಕುಕ್‌ಗೂ ಅವನ ಸಂಗಡಿಗರಿಗೂ ಸ್ಥಳ ನಿರಾಕರಿಸಿತು. ಪ್ರತಿಭಟಿಸಿದ ಅವನನ್ನು ಪೊಲೀಸರು ಬಂಧಿಸಿದರು. ಆ ಅವಮಾನದ ನೆನಪು ಈ ಚರಣದ ಹಿಂದಿದೆಯೆಂದು ಊಹಿಸುವುದು ಅನುಚಿತವಾಗದು. ಅದನ್ನು ತೆಗೆದೊಡನೆ ಉಳಿಯುವುದು ನದಿ, ಆಕಾಶ, ಸಾವಿನ ಭಯ, ಸೋದರನ ನಿರಾಕರಣೆ. ಇವು ಗಂಭೀರವೇ ಸರಿ, ಆದರೆ ಯಾವ ದೇಶದ ಯಾವ ದುಃಖಿಗಾದರೂ ಒಪ್ಪುವಂಥವು. ರೆನೆ ಹಾಲ್‌ನ ವಾದ್ಯಸಂಯೋಜನೆಯೂ ಇದಕ್ಕೆ ಒತ್ತಾಸೆಯಾಗುತ್ತದೆ: ತಂತಿವಾದ್ಯಗಳ ವೈಭವ ಕೆಲವೆಡೆ ಮಾತಿನ ಮೊನೆಯನ್ನು ಮೃದುಗೊಳಿಸುತ್ತದೆ. (ಹೀಗೆಂದರೆ ಸಂಗೀತಜ್ಞರು ನಮ್ಮ ಮೇಲೆ ಮುನಿಯಬಹುದು.) ಪೂರ್ಣಪಾಠದಲ್ಲಿ ಆ ಚರಣವು ಇಡೀ ಹಾಡನ್ನು ನೆಲಕ್ಕಿಳಿಸಿ, ಒಂದು ನಗರದ ಒಂದು ಬೀದಿಯಲ್ಲಿ ನಿಲ್ಲಿಸುತ್ತದೆ.

1964ರ ಫೆಬ್ರುವರಿ 7ರಂದು ಕುಕ್ ಇದನ್ನು ‘ಟುನೈಟ್ ಷೋ’ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡಿದನು. ಆ ಪ್ರಸಾರದ ಮುದ್ರಣವನ್ನು ಸಂಸ್ಥೆ ಉಳಿಸಲಿಲ್ಲ. ಆದುದರಿಂದ ಆಲ್ಬಂನ ಪಾಠವೇ ನಮಗಿರುವ ಉತ್ತಮ ಆಧಾರ. ತರಗತಿಯಲ್ಲಿ ಈ ಹಾಡನ್ನು ಕೇಳಿಸಬಯಸುವ ಅಧ್ಯಾಪಕರು ಅದನ್ನೇ ಆರಿಸಿಕೊಳ್ಳಬೇಕು. ಪಟ್ಟಿಯ ಸ್ಥಾನಗಳನ್ನು ಉಲ್ಲೇಖಿಸುವಾಗ, ಅವು ಕತ್ತರಿಸಿದ ಪಾಠಕ್ಕೆ ಸಂದ ಸ್ಥಾನಗಳೆಂದು ತಿಳಿಸಬೇಕು.