ಆಳು, ಎರವಲು, ಮುಂಗಡ: ಕೊಡಗಿನ ಜೀತವನ್ನು ಕುರಿತ ವಿದ್ವತ್ತಿನ ಮರುಪರಿಶೀಲನೆ

ಹುದಿಕೇರಿಯಿಂದ ಶ್ರೀಮಂಗಲದ ಮೂಲಕ ಕುಟ್ಟದತ್ತ ಸಾಗುವ ದಾರಿಯಲ್ಲಿ ಭತ್ತದ ಗದ್ದೆ, ಕಾಫಿ ತೋಟ ಹಾಗೂ ತೋಟದಂಚಿನ ಲೈನ್‌ಮನೆಗಳು ಕಾಣಸಿಗುತ್ತವೆ. ಐನ್‌ಮನೆಯ ಚರಿತ್ರೆಗೆ ದೊರೆತ ಗಮನ ಲೈನ್‌ಮನೆಯ ಚರಿತ್ರೆಗೆ ದೊರೆತಿಲ್ಲ. ಕೊಡಗಿನಲ್ಲಿ ಗುಲಾಮಗಿರಿ ಇತ್ತೇ ಎಂಬ ಪ್ರಶ್ನೆಗೆ ದಾಖಲೆಗಳು ಉತ್ತರಿಸಿವೆ. ಅದನ್ನು ವಿದ್ವತ್ತು ಯಾವ ಪರಿಭಾಷೆಯಲ್ಲಿ ಗ್ರಹಿಸಿತು, ಆ ಗ್ರಹಿಕೆಯಲ್ಲಿ ಏನು ಬಿಟ್ಟುಹೋಯಿತು ಎಂಬುದು ಪ್ರಸ್ತುತ ಲೇಖನದ ಜಿಜ್ಞಾಸೆ.

ಹರ್ಮನ್ ಮೋಗ್ಲಿಂಗ್ (1855), ರಿಕ್ಟರ್ (1870) ಮತ್ತು ಬಿ.ಎಲ್. ರೈಸ್ ಅವರ ಬರಹಗಳು ಮೊದಲ ಹಂತಕ್ಕೆ ಸೇರಿದವು. ಜಮ್ಮಾ ಭೂಮಿಗೆ ಅಂಟಿಕೊಂಡ ಆಳು ಬೇರೆ, ಒಕ್ಕದ ಸ್ವತ್ತಾದ ಆಳು ಬೇರೆ ಎಂಬ ವಿಂಗಡಣೆ ಈ ಕಾಲದ ಆಡಳಿತ ಬರಹಗಳಲ್ಲಿದೆ. ಇವು ಗುಲಾಮಗಿರಿಯನ್ನು ಆ ಹೆಸರಿನಿಂದಲೇ ಕರೆದವು ಎಂಬುದು ಅವುಗಳ ಗುಣ. ಒಡೆತನದ ಕಣ್ಣಿನಿಂದಲೇ ಆಳನ್ನು ನೋಡಿದವು ಎಂಬುದು ಮಿತಿ. ‘ಎರವ’ ಎಂಬ ಹೆಸರನ್ನು ‘ಎರವು’ ಶಬ್ದದಿಂದ ನಿಷ್ಪನ್ನಗೊಳಿಸಿದ ವ್ಯುತ್ಪತ್ತಿ ಇದಕ್ಕೆ ನಿದರ್ಶನ. ಆ ಸಮುದಾಯ ತನ್ನನ್ನು ‘ರಾವುಲ’ ಎಂದು ಕರೆದುಕೊಳ್ಳುತ್ತದೆ. ವಯನಾಡಿನಲ್ಲಿ ಅದೇ ಜನ ‘ಅಡಿಯ’ರು. ಒಂದು ಹೆಸರು ಸಾಲವನ್ನೂ ಇನ್ನೊಂದು ದಾಸ್ಯವನ್ನೂ ಸೂಚಿಸುವಂತೆ ಅರ್ಥೈಸಲ್ಪಟ್ಟಿತು. ಸ್ವನಾಮ ಮಾತ್ರ ವಿದ್ವತ್ತಿನ ಅಂಚಿನಲ್ಲೇ ಉಳಿಯಿತು.

ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ಕೊಡವ ಪರಂಪರೆಯ ಅಮೂಲ್ಯ ಸಂಕಲನ. ಅದರ ದನಿ ಸಹಜವಾಗಿಯೇ ಒಕ್ಕದ ದನಿ. ಎಂ.ಎನ್. ಶ್ರೀನಿವಾಸರ 1952ರ ಗ್ರಂಥ ಆಚರಣೆಯ ಮೂಲಕ ಸಾಮಾಜಿಕ ಐಕ್ಯವನ್ನು ವಿವರಿಸಿತು. ಆದರೆ ಐಕ್ಯವನ್ನೇ ಕೇಂದ್ರವಾಗಿಸಿಕೊಂಡ ವಿಶ್ಲೇಷಣೆಯಲ್ಲಿ ದುಡಿಯುವವನ ಉಪಸ್ಥಿತಿ ಸಹಕಾರವಾಗಿ ತೋರುತ್ತದೆ; ಅದರ ಹಿಂದಿನ ನಿರ್ಬಂಧ ಮಸುಕಾಗುತ್ತದೆ.

ಧರ್ಮಾ ಕುಮಾರ್ (1965) ಭೂರಹಿತ ದುಡಿಮೆಗಾರ ವರ್ಗ ವಸಾಹತು ಆಳ್ವಿಕೆಗೂ ಮುನ್ನವೇ ದಕ್ಷಿಣದಲ್ಲಿತ್ತೆಂದು ತೋರಿಸಿ, ಜಾತಿಗೂ ದಾಸ್ಯಕ್ಕೂ ಇರುವ ನಂಟನ್ನು ಮುನ್ನೆಲೆಗೆ ತಂದರು. ಒರ್ಲಾಂಡೊ ಪ್ಯಾಟರ್ಸನ್ (1982) ಗುಲಾಮಗಿರಿಯನ್ನು ‘ಸಾಮಾಜಿಕ ಮರಣ’ ಎಂದರು. ತಮ್ಮ ಭಾಷೆ, ಬಂಧುತ್ವ, ಸಾವಿನ ವಿಧಿಗಳನ್ನು ಉಳಿಸಿಕೊಂಡ ರಾವುಲರಿಗೆ ಇದು ಅನ್ವಯಿಸದೆಂದು ತೋರಬಹುದು. ಆದರೆ ಪ್ಯಾಟರ್ಸನ್ನರ ವಾದ ಬಂಧುತ್ವ ಇರಲಿಲ್ಲವೆಂದಲ್ಲ, ಅದಕ್ಕೆ ಒಡೆಯನ ಮಾನ್ಯತೆ ಇರಲಿಲ್ಲವೆಂದು. ಮಾನ್ಯತೆಯಿಲ್ಲದೆಯೂ ಬದುಕುಳಿದ ಸಮುದಾಯ ತನ್ನ ಬಗ್ಗೆ ಏನು ಹೇಳಿಕೊಂಡಿತು ಎಂಬ ಮುಂದಿನ ಪ್ರಶ್ನೆಯನ್ನು ಜಾನಪದವೇ ಎತ್ತಬೇಕು.

ವಯನಾಡಿನ ಪಣಿಯರ ಐತಿಹ್ಯದಲ್ಲಿ ಇಪ್ಪಿಮಲೆಯ ಪೂರ್ವಜರನ್ನು ಭೂಮಾಲೀಕರು ಹಿಡಿದುತಂದು ದುಡಿಸಿದರೆಂಬ ನೆನಪಿದೆ. ಆ ನೆನಪಿನಲ್ಲಿ ದಾಸ್ಯವು ಅನಾದಿಯಲ್ಲ. ಅದು ಎಂದೋ ನಡೆದ ಒಂದು ಕೃತ್ಯ. ದೇವರಪುರದ ಕುಂಡೆ ಹಬ್ಬವನ್ನೂ ಈ ಹಿನ್ನೆಲೆಯಲ್ಲಿ ಮರಳಿ ಓದಬೇಕು. ಮೇ ತಿಂಗಳಲ್ಲಿ ಜೇನುಕುರುಬರು, ಎರವರು ವೇಷ ತೊಟ್ಟು ದೇವರನ್ನೂ ದಾರಿಹೋಕರನ್ನೂ ಬೈಯುತ್ತಾರೆ. ಗ್ಲುಕ್‌ಮನ್ (1954) ನಿರೂಪಿಸಿದ ‘ದಂಗೆಯ ಆಚರಣೆ’ಗಳ ಸಾಲಿಗೆ ಇದನ್ನು ಸೇರಿಸಿ, ಅಸಮಾಧಾನ ಹೊರಹೋಗಿ ವ್ಯವಸ್ಥೆ ಉಳಿಯಿತೆನ್ನುವುದು ಸುಲಭ. ಆದರೆ ಪ್ರಚಲಿತ ಐತಿಹ್ಯದಂತೆ, ತಮ್ಮನ್ನು ಜೊತೆಗೆ ಕರೆತಂದ ಅಯ್ಯಪ್ಪನು ಭದ್ರಕಾಳಿಯ ಮೋಹದಲ್ಲಿ ತಮ್ಮನ್ನು ಕೈಬಿಟ್ಟನೆಂಬುದೇ ಬೈಗುಳಕ್ಕೆ ಕಾರಣ. ಅಂದರೆ ಇದು ಮೇಲುಕೀಳಿನ ತಾತ್ಕಾಲಿಕ ತಿರುವುಮುರುವು ಮಾತ್ರವಲ್ಲ. ಕರೆತಂದವನು ಹೊಣೆ ಮರೆತನೆಂಬ ಆಪಾದನೆ.

ಈ ಆಪಾದನೆ ಕಾನೂನಿನ ಚರಿತ್ರೆಗೂ ಬೆಳಕು ಚೆಲ್ಲುತ್ತದೆ. ಬ್ರಿಟಿಷರು ಕೊಡಗನ್ನು 1834ರಲ್ಲಿ ವಶಪಡಿಸಿಕೊಂಡರು. 1843ರ ಕಾಯಿದೆ ಗುಲಾಮನ ಮೇಲಿನ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯದಂತೆ ಮಾಡಿತಷ್ಟೆ. ಗುಲಾಮರ ಕ್ರಯವಿಕ್ರಯ ಅಪರಾಧವಾದುದು 1860ರ ದಂಡಸಂಹಿತೆಯಿಂದ. ಈ ನಡುವೆ 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ ಕಾಫಿ ತೋಟ ಆರಂಭವಾಯಿತು. 1859ರ ಕರಾರುಭಂಗ ಕಾಯಿದೆ ಮುಂಗಡ ಪಡೆದು ಕೆಲಸ ಬಿಟ್ಟವನನ್ನು ದಂಡನೆಗೆ ಗುರಿಪಡಿಸಿತು. ಅದರ ರದ್ದತಿಗೆ 1925ರವರೆಗೆ ಕಾಯಬೇಕಾಯಿತು. ಬಿಹಾರದ ಕಮಿಯಾಗಳ ಕುರಿತು ಜ್ಞಾನ್ ಪ್ರಕಾಶ್ (1990) ಮಂಡಿಸಿದ, ‘ಸ್ವತಂತ್ರ ಶ್ರಮ’ದ ಪರಿಕಲ್ಪನೆಯೇ ಹಳೆಯ ಸಂಬಂಧವನ್ನು ಸಾಲದ ಬಂಧವಾಗಿ ಮರುರೂಪಿಸಿತೆಂಬ ವಾದ ಕೊಡಗಿನಲ್ಲಿ ಪರೀಕ್ಷಿಸಲು ಯೋಗ್ಯವಾದುದು.

1976ರ ಜೀತಪದ್ಧತಿ ರದ್ದತಿ ಕಾಯಿದೆ ಸಾಲವನ್ನು ಅಳಿಸಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೆಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ಹೇಳಿತು. ಆದಾಗ್ಯೂ ವಸತಿಯ ಪ್ರಶ್ನೆ ಉಳಿಯಿತು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ತೆರವುಗೊಂಡ ಐನೂರಕ್ಕೂ ಹೆಚ್ಚು ಗುಡಿಸಲುಗಳ ನಿವಾಸಿಗಳಲ್ಲಿ ಅನೇಕರು ಲೈನ್‌ಮನೆ ತೊರೆದು ಬಂದವರು. ಕೆಲಸ ಬಿಟ್ಟರೆ ಸೂರೂ ಹೋಗುವಲ್ಲಿ, ಮುಂಗಡದ ಪತ್ರವಿಲ್ಲದೆಯೂ ಬಂಧನ ಸಾಧ್ಯ. ಎಲ್ಲ ತೋಟದ ದುಡಿಮೆಯೂ ಜೀತವೆಂದು ಇದರರ್ಥವಲ್ಲ; ಬಿಟ್ಟುಹೋಗಲು ತೆರಬೇಕಾದ ಬೆಲೆಯನ್ನು ಪ್ರತಿ ಸಂದರ್ಭದಲ್ಲೂ ಕೇಳಬೇಕೆಂಬುದಷ್ಟೆ ಇಲ್ಲಿನ ವಾದ.

ಜಾನಪದ ವಿದ್ವಾಂಸರಾದ ನಾವೂ ಈ ವಿಮರ್ಶೆಗೆ ಹೊರತಲ್ಲ. ಹಾಡು ಬರೆದುಕೊಂಡಾಗ ವಕ್ತೃವಿನ ಹೆಸರು, ವಯಸ್ಸು, ಊರು ದಾಖಲಿಸುತ್ತೇವೆ. ಆಕೆ ಯಾರ ಜಾಗದಲ್ಲಿ ನೆಲೆಸಿದ್ದಾಳೆ, ಅಲ್ಲಿಂದ ಹೊರಡಲು ಸ್ವತಂತ್ರಳೇ ಎಂಬುದನ್ನು ಬರೆಯುವುದಿಲ್ಲ. ಮುಂದಿನ ಕ್ಷೇತ್ರಕಾರ್ಯ ಆ ಕಾಲಮ್ಮನ್ನು ಸೇರಿಸಿಕೊಳ್ಳಬೇಕು.