ಬಳಕೆ ತಪ್ಪಿದ ಪ್ರೋಗ್ರಾಮೆಬಲ್ ಲಾಜಿಕ್ ಚಿಪ್‌ಗಳ ಆಕರಸಾಮಗ್ರಿ: ಒಂದು ವಿಮರ್ಶೆ

ಕಾಲವು ಹಿಂದಕ್ಕೆ ಸರಿದಷ್ಟೂ ಆಕರಗಳು ವಿರಳವಾಗುತ್ತವೆ, ಈಚೆಗೆ ಬಂದಷ್ಟೂ ಹೇರಳವಾಗುತ್ತವೆ ಎಂಬುದು ಚರಿತ್ರಕಾರರಲ್ಲಿ ರೂಢವಾಗಿರುವ ನಂಬಿಕೆ. ಶಾಸನ, ಕಡತ, ಮುದ್ರಿತ ಗ್ರಂಥ ಎಂಬ ಕ್ರಮದಲ್ಲಿ ನಡೆದುಬಂದಿರುವ ನಮ್ಮ ಅಧ್ಯಯನಕ್ಕೆ ಈ ನಂಬಿಕೆಯು ಬಹುಮಟ್ಟಿಗೆ ಹೊಂದುತ್ತದೆ. ಆದರೆ ಗಣಕಯಂತ್ರಗಳ ಚರಿತ್ರೆಯ ಒಂದು ಶಾಖೆಯಲ್ಲಿ ಇದು ತಲೆಕೆಳಗಾಗಿರುವುದನ್ನು ಕಾಣುತ್ತೇವೆ. 1975ರಿಂದ ಈಚೆಗೆ ಅಮೆರಿಕದ ಸಂಸ್ಥೆಗಳು ಹೊರತಂದ ಪ್ರೋಗ್ರಾಮೆಬಲ್ ಲಾಜಿಕ್ ಚಿಪ್‌ಗಳಲ್ಲಿ ಅತ್ಯಂತ ಹಳೆಯವನ್ನು ಇಂದಿಗೂ ಓದಿ ಅರ್ಥೈಸಬಹುದಾಗಿದೆ. ಅವುಗಳಿಗಿಂತ ಹತ್ತು ಹದಿನೈದು ವರ್ಷ ಈಚಿನವನ್ನು ಓದುವುದೇ ಕಷ್ಟವಾಗಿದೆ. ಇದಕ್ಕೆ ಕಾರಣವೇನು, ಈ ಸಾಮಗ್ರಿಯನ್ನು ಕೂಡಿಡುವ ಕಾರ್ಯದಲ್ಲಿ ಉಳಿದಿರುವ ಕೊರತೆ ಯಾವುದು ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ವಿಷಯವನ್ನು ಪ್ರವೇಶಿಸುವ ಮೊದಲು ಈ ವಸ್ತುವಿನ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಸಾಮಾನ್ಯ ಚಿಪ್ಪಿನ ಕೆಲಸವು ಕಾರ್ಖಾನೆಯಲ್ಲಿಯೇ ನಿಶ್ಚಿತವಾಗಿರುತ್ತದೆ. ಪ್ರೋಗ್ರಾಮೆಬಲ್ ಲಾಜಿಕ್ ಚಿಪ್ಪಾದರೋ ಬರೆಯದ ಓಲೆಯಂತೆ ಬರಿದಾಗಿ ಹೊರಬರುತ್ತದೆ. ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ತಾರ್ಕಿಕ ಸಂಬಂಧಗಳನ್ನು ಅದರೊಳಗೆ ಮೂಡಿಸುವವನು ಯಂತ್ರವನ್ನು ರಚಿಸುವ ಎಂಜಿನಿಯರು. ಮೊದಲಿನ ಚಿಪ್‌ಗಳಲ್ಲಿ ಈ ಬರಹವು ಅತಿ ಸಣ್ಣ ಫ್ಯೂಸುಗಳನ್ನು ಸುಡುವುದರಿಂದ ಆಗುತ್ತಿತ್ತು. ಸಿಗ್ನೆಟಿಕ್ಸ್ ಸಂಸ್ಥೆಯು 1975ರಲ್ಲಿ ಹೊರತಂದ 82ಎಸ್100 ಎಂಬುದು ಈ ಜಾತಿಯ ಮೊದಲಿಗರಲ್ಲೊಂದು. ಅದಕ್ಕೆ 16 ಒಳದಾರಿಗಳು, 8 ಹೊರದಾರಿಗಳು, ನಡುವೆ 48 ಗುಣಪದಗಳು. 1978ರಲ್ಲಿ ಮಾನೊಲಿಥಿಕ್ ಮೆಮರೀಸ್ ಸಂಸ್ಥೆಯ ಜಾನ್ ಬರ್ಕ್ನರ್ ಮತ್ತು ಎಚ್. ಟಿ. ಚುವಾ ಎಂಬವರು ಇದನ್ನೇ ಸರಳಗೊಳಿಸಿ, ‘ಮತ್ತು’ ಎಂಬ ಭಾಗವನ್ನು ಮಾತ್ರ ಬರೆಯಬರುವಂತೆ ಬಿಟ್ಟು, ‘ಅಥವಾ’ ಎಂಬ ಭಾಗವನ್ನು ಸ್ಥಿರಗೊಳಿಸಿ, ಪಾಲ್ ಎಂಬ ಚಿಪ್‌ಗಳನ್ನು ರೂಪಿಸಿದರು. ಇವು ಅಗ್ಗವೂ ವೇಗಶಾಲಿಯೂ ಆದುದರಿಂದ ಬೇಗನೆ ಪ್ರಚಾರಕ್ಕೆ ಬಂದವು. ಡೇಟಾ ಜನರಲ್ ಸಂಸ್ಥೆಯು 1980ರಲ್ಲಿ ಪ್ರಕಟಪಡಿಸಿದ ಎಕ್ಲಿಪ್ಸ್ ಎಂವಿ/8000 ಗಣಕದಲ್ಲಿ ಪಾಲ್‌ಗಳನ್ನು ಬಳಸಿದ ಸಂಗತಿಯು ಟ್ರೇಸಿ ಕಿಡ್ಡರ್ 1981ರಲ್ಲಿ ಪ್ರಕಟಿಸಿದ ‘ದಿ ಸೋಲ್ ಆಫ್ ಎ ನ್ಯೂ ಮಷೀನ್’ ಎಂಬ ಗ್ರಂಥದಿಂದ ಲೋಕಕ್ಕೆ ತಿಳಿದಿದೆ. ಆ ಗ್ರಂಥವು ಎಂಜಿನಿಯರುಗಳ ಹಗಲಿರುಳಿನ ಶ್ರಮವನ್ನು ವರ್ಣಿಸುತ್ತದೆ. ಆದರೆ ಅವರು ಪಾಲ್‌ಗಳಲ್ಲಿ ಬರೆದದ್ದೇನೆಂಬುದು ಆ ಚಿಪ್‌ಗಳಲ್ಲಿಯೇ ಇದೆ. ಅಂತಹ ಬರಹವನ್ನು ಓದಲಾಗದಿದ್ದರೆ ನಮ್ಮಲ್ಲಿ ಉಳಿಯುವುದು ರಚನೆಯ ಕಥೆಯೇ ಹೊರತು ರಚನೆಯಲ್ಲ.

ಇಂತಹ ಚಿಪ್ಪಿನ ಆಕರಗಳನ್ನು ನಾವು ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ತಯಾರಕರ ಡೇಟಾಶೀಟು. ಎರಡನೆಯದು ಎಂಜಿನಿಯರು ಬರೆದ ಸಮೀಕರಣಗಳ ಮೂಲಪಾಠ. ಮೂರನೆಯದು ಆ ಸಮೀಕರಣಗಳನ್ನು ಫ್ಯೂಸುಗಳ ಪಟ್ಟಿಯಾಗಿ ಪರಿವರ್ತಿಸುವ ತಂತ್ರಾಂಶ. ನಾಲ್ಕನೆಯದು ಆ ಪಟ್ಟಿಯನ್ನು ಚಿಪ್ಪಿನೊಳಗೆ ಇಳಿಸುವ ವಿಧಾನ, ಎಂದರೆ ಯಾವ ಕಾಲಿಗೆ ಎಷ್ಟು ವೋಲ್ಟನ್ನು ಎಷ್ಟು ಹೊತ್ತು ಕೊಡಬೇಕೆಂಬ ನಿಯಮ. ಈ ನಾಲ್ಕರಲ್ಲಿ ಇಂದು ಸುಲಭವಾಗಿ ದೊರೆಯುವುದು ಮೊದಲನೆಯದು. ಚರಿತ್ರೆಯ ದೃಷ್ಟಿಯಿಂದ ಅತ್ಯಂತ ಕಡಮೆ ಹೇಳುವುದೂ ಅದೇ ಎಂಬುದನ್ನು ಗಮನಿಸತಕ್ಕದ್ದು. ಏಕೆಂದರೆ ಡೇಟಾಶೀಟು ವರ್ಣಿಸುವುದು ಬರಿದಾದ ಚಿಪ್ಪನ್ನು. ಓಲೆಯ ಉದ್ದಗಲಗಳನ್ನು ಅಳೆದು ಹೇಳಿದ ಮಾತ್ರಕ್ಕೆ ಅದರಲ್ಲಿನ ಕಾವ್ಯ ತಿಳಿಯುವುದಿಲ್ಲವಷ್ಟೆ.

ಡೇಟಾಶೀಟುಗಳ ಸಂಗ್ರಹದಲ್ಲಿಯೂ ದೋಷವಿಲ್ಲದಿಲ್ಲ. ತಯಾರಕರು ಇವನ್ನು ಮೂಲತಃ ಬಿಡಿ ಹಾಳೆಗಳಾಗಿ ಮಾತ್ರವಲ್ಲದೆ ಡೇಟಾಬುಕ್ಕುಗಳೆಂಬ ದಪ್ಪ ಸಂಪುಟಗಳಾಗಿಯೂ ಅಚ್ಚುಮಾಡುತ್ತಿದ್ದರು. ಸಂಪುಟದಲ್ಲಿ ವರ್ಷವಿರುತ್ತಿತ್ತು, ಮುನ್ನುಡಿಯಿರುತ್ತಿತ್ತು, ಬಳಕೆಯ ದೃಷ್ಟಾಂತಗಳಿರುತ್ತಿದ್ದವು, ಯಾವ ಚಿಪ್ಪು ಹೊಸದು, ಯಾವುದು ನಿಲ್ಲುವುದರಲ್ಲಿದೆ ಎಂಬ ಸೂಚನೆಯಿರುತ್ತಿತ್ತು. ಅಂತಹ ಸಂಪುಟಗಳನ್ನು ರಟ್ಟಿನಿಂದ ರಟ್ಟಿಗೆ ಸ್ಕ್ಯಾನು ಮಾಡಿಟ್ಟಿರುವ ಬಿಟ್‌ಸೇವರ್ಸ್ ಸಂಗ್ರಹದವರ ಉಪಕಾರವನ್ನು ಈ ಕ್ಷೇತ್ರದ ಅಭ್ಯಾಸಿಗಳು ಮರೆಯುವಂತಿಲ್ಲ. ಆದರೆ ವ್ಯಾಪಾರಾರ್ಥವಾಗಿ ಡೇಟಾಶೀಟುಗಳನ್ನು ಒದಗಿಸುವವರು ಸಂಪುಟವನ್ನು ಬಿಡಿಸಿ, ಚಿಪ್ಪೊಂದಕ್ಕೆ ನಾಲ್ಕು ಪುಟದಂತೆ ಹರಿದು, ಹೊದಿಕೆಯನ್ನೂ ವರ್ಷವನ್ನೂ ಕಳೆದು ಹಂಚುತ್ತಾರೆ. ತೇದಿಯಿಲ್ಲದ ಕಡತವನ್ನು ಯಾವ ಚರಿತ್ರಕಾರನೂ ನಿಶ್ಚಿಂತೆಯಿಂದ ಉಪಯೋಗಿಸಲಾರನು. ತಾತ್ಕಾಲಿಕವೆಂದು ಪ್ರಕಟವಾದ ಹಾಳೆಯೂ ಪರಿಷ್ಕೃತವಾದ ಹಾಳೆಯೂ ಒಂದೇ ಹೆಸರಿನಲ್ಲಿ ಬೆರೆತುಹೋದಾಗ ಪಾಠಾಂತರಗಳನ್ನು ನಿರ್ಣಯಿಸುವ ದಾರಿಯೇ ಇಲ್ಲದಾಗುತ್ತದೆ.

ಇನ್ನು ತಂತ್ರಾಂಶದ ವಿಚಾರ. ಪಾಲ್ ಚಿಪ್‌ಗಳಿಗಾಗಿ ಬರ್ಕ್ನರ್ ರೂಪಿಸಿದ ಭಾಷೆಗೆ ಪಾಲಾಸಮ್ ಎಂದು ಹೆಸರು. ಅದರ ಪರಿವರ್ತಕವನ್ನು ಫೋರ್ಟ್ರಾನ್ 4ರಲ್ಲಿ ಬರೆಯಲಾಗಿತ್ತು. ಮಾನೊಲಿಥಿಕ್ ಮೆಮರೀಸ್ ಸಂಸ್ಥೆಯು ಅದರ ಮೂಲಬರಹವನ್ನೇ ಬಳಕೆದಾರರಿಗೆ ಬೆಲೆಯಿಲ್ಲದೆ ಕೊಟ್ಟಿತು. ಇದರ ಫಲವಾಗಿ 1983ರ ಹೊತ್ತಿಗೆ ಅದು ಪಿಡಿಪಿ-11, ನೋವಾ, ಎಚ್‌ಪಿ 2100 ಮೊದಲಾದ ಬೇರೆಬೇರೆ ಗಣಕಗಳಲ್ಲಿ ನಡೆಯುತ್ತಿತ್ತು. ಪ್ರತಿಗಳು ಹೆಚ್ಚಿದಷ್ಟೂ ಗ್ರಂಥವು ಉಳಿಯುವ ಸಂಭವ ಹೆಚ್ಚೆಂಬ ಗ್ರಂಥಸಂಪಾದನೆಯ ಹಳೆಯ ನಿಯಮವು ಇಲ್ಲಿಯೂ ಸತ್ಯವಾಯಿತು. ಮೇಲಾಗಿ, 16ಎಲ್8 ಎಂಬ ಪಾಲ್‌ನ 2048 ಫ್ಯೂಸುಗಳಲ್ಲಿ ಪ್ರತಿಯೊಂದೂ ಎಲ್ಲಿದೆ ಎಂಬ ನಕ್ಷೆಯು ಡೇಟಾಬುಕ್ಕಿನಲ್ಲಿಯೇ ಅಚ್ಚಾಗಿದೆ. 64 ಸಾಲು, 32 ಕಂಬ. ಆದುದರಿಂದ ಫ್ಯೂಸುಗಳ ಪಟ್ಟಿಯೊಂದು ಕೈಗೆ ಸಿಕ್ಕಿದರೆ, ಯಾವ ತಂತ್ರಾಂಶದ ಹಂಗೂ ಇಲ್ಲದೆ, ಕಾಗದ ಪೆನ್ಸಿಲುಗಳಿಂದಲೇ ಅದನ್ನು ಸಮೀಕರಣಗಳಾಗಿ ಬಿಡಿಸಬಹುದು.

1983ರಲ್ಲಿ ಡೇಟಾ ಐ/ಒ ಸಂಸ್ಥೆಯ ಏಬಲ್, ಅಸಿಸ್ಟೆಡ್ ಟೆಕ್ನಾಲಜಿ ಸಂಸ್ಥೆಯ ಕಪ್ಲ್ ಎಂಬ ಎರಡು ಭಾಷೆಗಳು ಬಂದವು. ಪಾಲಾಸಮ್‌ಗಿಂತ ಇವು ಸಮರ್ಥವಾದವುಗಳೆಂಬುದು ನಿರ್ವಿವಾದ. ಅನೇಕ ಸಂಸ್ಥೆಗಳ ಚಿಪ್‌ಗಳಿಗೆ ಒಂದೇ ಭಾಷೆಯಲ್ಲಿ ಬರೆಯುವುದು ಇವುಗಳಿಂದ ಸಾಧ್ಯವಾಯಿತು. ಆದರೆ ಇವು ಮಾರಾಟದ ಸರಕುಗಳು, ಮೂಲಬರಹ ಗುಟ್ಟು. ಆಮೇಲೆ ಬಂದ ದೊಡ್ಡ ಚಿಪ್‌ಗಳಿಗೆ ತಯಾರಕರು ತಮ್ಮತಮ್ಮ ತಂತ್ರಾಂಶಗಳನ್ನೇ ಗೊತ್ತುಮಾಡಿದರು. ಆಲ್ಟೆರಾ ಸಂಸ್ಥೆಯ ಮ್ಯಾಕ್ಸ್ ಪ್ಲಸ್ 2ರ ಅನುಮತಿಯನ್ನು ಗಣಕದ ಡಿಸ್ಕಿನ ಸಂಖ್ಯೆಗೋ ಪ್ರತ್ಯೇಕವಾದೊಂದು ಕೀಲಿಗೋ ಬಿಗಿಯಲಾಗಿತ್ತು. ಗಣಕ ಕೆಟ್ಟರೆ ಅನುಮತಿಯೂ ಕೆಟ್ಟಂತೆ. ಹೀಗಾಗಿ ತಂತ್ರಾಂಶದ ಪ್ರತಿ ಉಳಿದಿದ್ದರೂ ಅದು ನಡೆಯುವುದೆಂಬ ಭರವಸೆಯಿಲ್ಲ. ಹೊಸ ಆವೃತ್ತಿಗಳಾದರೂ ಹಳೆಯ ಚಿಪ್‌ಗಳನ್ನು ಒಂದೊಂದಾಗಿ ಕೈಬಿಡುತ್ತ ಬಂದವು. ಆಲ್ಟೆರಾದ ಮ್ಯಾಕ್ಸ್ 7000 ವರ್ಗಕ್ಕೆ 2013ರ ಕ್ವಾರ್ಟಸ್ 13.0ರ ಪರಿಷ್ಕರಣವೇ ಕೊನೆ. ಝೈಲಿಂಕ್ಸ್ ಸಂಸ್ಥೆಯ ಐಎಸ್ಇ ತಂತ್ರಾಂಶವು ಅದೇ 2013ರಲ್ಲಿ 14.7ನೆಯ ಆವೃತ್ತಿಗೆ ನಿಂತಿತು. ಅಭ್ಯಾಸಿಯು ಹುಡುಕಬೇಕಾದದ್ದು ತಂತ್ರಾಂಶವನ್ನಲ್ಲ, ತಂತ್ರಾಂಶದ ತಕ್ಕ ಆವೃತ್ತಿಯನ್ನು. ಅದರ ಸಂಗಡ ಅದು ನಡೆಯುವ ಹಳೆಯ ಕಾರ್ಯವ್ಯವಸ್ಥೆಯನ್ನು.

ಸಂಸ್ಥೆಗಳ ಉತ್ತರಾಧಿಕಾರವು ಈ ತೊಡಕನ್ನು ಮತ್ತಷ್ಟು ಬಿಗಿಗೊಳಿಸಿದೆ. ಮಾನೊಲಿಥಿಕ್ ಮೆಮರೀಸ್ 1987ರಲ್ಲಿ ಎಎಂಡಿಯೊಡನೆ ಸೇರಿತು. ಎಎಂಡಿಯು ಈ ವ್ಯವಹಾರವನ್ನು ವ್ಯಾಂಟಿಸ್ ಎಂಬ ಶಾಖೆಯಾಗಿ ಬೇರ್ಪಡಿಸಿ 1999ರಲ್ಲಿ ಲ್ಯಾಟಿಸ್ ಸೆಮಿಕಂಡಕ್ಟರಿಗೆ ಮಾರಿತು. ಏಬಲ್ ಭಾಷೆಯ ಸ್ವಾಮ್ಯವು ಕೈಯಿಂದ ಕೈಗೆ ಹೋಗಿ ಝೈಲಿಂಕ್ಸನ್ನು ಸೇರಿತು. 2022ರಲ್ಲಿ ಝೈಲಿಂಕ್ಸನ್ನು ಎಎಂಡಿಯೇ ಕೊಂಡಿತು. ಎಂದರೆ ಪಾಲ್‌ಗಳನ್ನು ಕೈಬಿಟ್ಟ ಮನೆಗೆ ಇಪ್ಪತ್ತಮೂರು ವರ್ಷಗಳ ಮೇಲೆ ಪಾಲ್‌ಗಳಿಗೆ ಬರೆಯುವ ಭಾಷೆಯೊಂದು ಬಂದು ಸೇರಿದಂತಾಯಿತು. ರಾಜವಂಶಗಳ ಚರಿತ್ರೆಯಲ್ಲಿ ದಾನಶಾಸನವು ದಾನ ಕೊಟ್ಟ ವಂಶ ಅಳಿದ ಮೇಲೂ ಕಲ್ಲಿನಲ್ಲಿ ಉಳಿಯುತ್ತದೆ. ಇಲ್ಲಿ ಪ್ರತಿಯೊಂದು ಹಸ್ತಾಂತರದಲ್ಲಿಯೂ ಪೇಟೆಂಟು, ಹೆಸರು, ಗಿರಾಕಿಗಳು ಮುಂದಕ್ಕೆ ಸಾಗುತ್ತವೆ. ಮಾರಾಟವಿಲ್ಲದ ಚಿಪ್ಪಿನ ಕೈಪಿಡಿಯನ್ನು ಕಾಪಾಡುವುದರಿಂದ ಹೊಸ ಒಡೆಯನಿಗೆ ಲಾಭವಿಲ್ಲ.

ಗ್ರಂಥಸಾಮಗ್ರಿ ಇಲ್ಲವಾದರೆ ಚಿಪ್ಪನ್ನೇ ಪ್ರಶ್ನಿಸಬಾರದೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1982ರ ಕಮಡೋರ್ 64 ಗಣಕದಲ್ಲಿ ಮೇಲೆ ಹೇಳಿದ 82ಎಸ್100 ಇತ್ತು. ಅದಕ್ಕೆ 16 ಒಳದಾರಿಗಳಿರುವುದರಿಂದ ಸಾಧ್ಯವಾದ ಸ್ಥಿತಿಗಳು 65,536. ಒಂದೊಂದನ್ನೂ ಕೊಟ್ಟು ಉತ್ತರವನ್ನು ಬರೆದುಕೊಂಡರೆ ಚಿಪ್ಪಿನ ನಡವಳಿಕೆಯೆಲ್ಲವೂ ಪಟ್ಟಿಯಾಗುತ್ತದೆ. ಆಸಕ್ತರು ಹೀಗೆಯೇ ಮಾಡಿ, ಆ ಪಟ್ಟಿಯನ್ನು ಸ್ಮೃತಿಚಿಪ್ಪೊಂದರಲ್ಲಿ ತುಂಬಿ, ಕೆಟ್ಟ ಗಣಕಗಳನ್ನು ನಡೆಸಿಕೊಂಡಿದ್ದಾರೆ. ಆದರೆ ಹೀಗೆ ಪಡೆದದ್ದು ನಡವಳಿಕೆಯ ಪಟ್ಟಿಯೇ ಹೊರತು ಎಂಜಿನಿಯರಿನ ಮೂಲಪಾಠವಲ್ಲ. ಸಂಕೇತಗಳು ಬದಲಾಗುವ ಕ್ಷಣದಲ್ಲಿ ತಪ್ಪು ಮಿಡಿತ ಏಳದಿರಲೆಂದು ಎಂಜಿನಿಯರುಗಳು ತರ್ಕಕ್ಕೆ ಅನಾವಶ್ಯಕವಾದ ಪದಗಳನ್ನು ಬೇಕೆಂದೇ ಸೇರಿಸುವುದುಂಟು. ಪಟ್ಟಿಯಿಂದ ಸಮೀಕರಣವನ್ನು ಸಂಕ್ಷೇಪಿಸಿದಾಗ ಮೊದಲು ಅಳಿಯುವುವು ಆ ಪದಗಳೇ. ಪ್ರತಿಕಾರನು ದ್ವಿರುಕ್ತಿಯೆಂದು ಬಿಟ್ಟ ಮಾತೇ ಕವಿಯ ಅಭಿಪ್ರಾಯವಾಗಿದ್ದರೆ ಆಗುವ ಹಾನಿ ಇದು. ಹೊರದಾರಿಯು ಮರಳಿ ಒಳಕ್ಕೆ ಬರುವ, ಹಿಂದಿನ ಸ್ಥಿತಿಯನ್ನು ನೆನಪಿಡುವ 16ಆರ್8ರಂತಹ ಚಿಪ್‌ಗಳಲ್ಲಿ ಈ ವಿಧಾನವು ನೇರವಾಗಿ ನಡೆಯುವುದೂ ಇಲ್ಲ. ಫ್ಯೂಸುಗಳನ್ನೇ ಓದೋಣವೆಂದರೆ, ರಕ್ಷಣೆಯ ಫ್ಯೂಸೊಂದನ್ನು ಸುಟ್ಟು ಆ ಬಾಗಿಲನ್ನು ಮುಚ್ಚಿರುವ ಪ್ರತಿಗಳು ಬಹಳ.

ಝೈಲಿಂಕ್ಸ್ 1985ರಲ್ಲಿ ತಂದ ಎಕ್ಸ್‌ಸಿ2064ರಿಂದ ಬೇರೊಂದು ಯುಗವೇ ಆರಂಭವಾಗುತ್ತದೆ. ಅದರ 64 ತರ್ಕಕೋಶಗಳನ್ನು ಕೂಡಿಸುವ ಬರಹವು ಸುಮಾರು 12 ಸಾವಿರ ಬಿಟ್ಟುಗಳು. ಯಾವ ಬಿಟ್ಟು ಯಾವ ಸಂಬಂಧವನ್ನು ಸೂಚಿಸುತ್ತದೆ ಎಂಬುದನ್ನು ತಯಾರಕರು ಪ್ರಕಟಿಸಲಿಲ್ಲ. ಅಕ್ಷರಗಳನ್ನೆಲ್ಲ ಎಣಿಸಬಹುದು, ಓದಲಾಗದು. ಅನಂತರದ ಬಹುಪಾಲು ಚಿಪ್‌ಗಳ ಸ್ಥಿತಿ ಇದೇ. 2015ರಲ್ಲಿ ಐಸ್‌ಸ್ಟಾರ್ಮ್ ಎಂಬ ಯೋಜನೆಯವರು ಲ್ಯಾಟಿಸ್‌ನ ಐಸಿಇ40 ವರ್ಗದ ಬರಹವನ್ನು ಹೊರಗಿನಿಂದಲೇ ಬಿಡಿಸಿ ತೋರಿಸಿದ್ದು ಲಿಪಿಶಾಸ್ತ್ರದಲ್ಲಿ ಹೊಸ ಲಿಪಿಯೊಂದನ್ನು ಓದಿದಷ್ಟೇ ಶ್ಲಾಘ್ಯವಾದುದು. ಆದರೂ ಆ ಶ್ರಮವು ಸಂದದ್ದು ಆಗ ಮಾರಾಟದಲ್ಲಿದ್ದ ಚಿಪ್ಪಿಗೆ, ತಯಾರಕರ ತಂತ್ರಾಂಶವು ಕೈಯಲ್ಲಿದ್ದ ಕಾಲದಲ್ಲಿ. ತಂತ್ರಾಂಶವೂ ಅಳಿದ ಮೇಲೆ ಹೋಲಿಸಿ ನೋಡಲು ದ್ವಿಭಾಷಾ ಶಾಸನವೇ ಇಲ್ಲದಂತಾಗುತ್ತದೆ.

ಕಾಲಾವಕಾಶವೂ ನಮಗೆ ಹೆಚ್ಚಿಲ್ಲ. ಫ್ಯೂಸು ಸುಟ್ಟ ಪಾಲ್ ಕಲ್ಲಿನ ಶಾಸನದಂತೆ ಬಹುಕಾಲ ಬಾಳತಕ್ಕದ್ದು. 1985ರಲ್ಲಿ ಲ್ಯಾಟಿಸ್ ತಂದ ಗ್ಯಾಲ್ ಚಿಪ್‌ಗಳಲ್ಲಾದರೋ ಬರಹವು ವಿದ್ಯುದಂಶದ ರೂಪದಲ್ಲಿ ಇರುತ್ತದೆ. ಅದು ನಿಲ್ಲುವ ಅವಧಿಯನ್ನು ಡೇಟಾಶೀಟು 20 ವರ್ಷವೆಂದು ಹೇಳುತ್ತದೆ. ಇಪ್ಪತ್ತಾದ ಕೂಡಲೆ ಅಳಿಯುತ್ತದೆಂದು ಇದರ ಅರ್ಥವಲ್ಲ. ಆದರೆ 1980ರ, 1990ರ ದಶಕಗಳಲ್ಲಿ ಬರೆದ ಗ್ಯಾಲ್‌ಗಳೆಲ್ಲ ತಮ್ಮ ಭರವಸೆಯ ಅವಧಿಯನ್ನು ದಾಟಿವೆ. ಇವು ವಸ್ತುಸಂಗ್ರಹಾಲಯಗಳ ಗಣಕಗಳಲ್ಲಿ ಮಾತ್ರ ಇರುವುವಲ್ಲ. ಆ ಕಾಲದ ಪ್ರಯೋಗಶಾಲೆಯ ಉಪಕರಣಗಳಲ್ಲಿ, ಕಾರ್ಖಾನೆಯ ಯಂತ್ರಗಳಲ್ಲಿಯೂ ಇವೆ. ಅಂತಹ ಚಿಪ್ಪೊಂದು ಮೌನವಾದರೆ ಯಂತ್ರವೇ ನಿಂತಂತೆ.

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ಈ ಕ್ಷೇತ್ರದಲ್ಲಿ ಆಕರಗಳ ಉಳಿವನ್ನು ನಿರ್ಣಯಿಸಿದ್ದು ಕಾಲವಲ್ಲ, ಪ್ರಕಟನೆಯ ಔದಾರ್ಯ. ನಕ್ಷೆಯನ್ನು ಅಚ್ಚುಮಾಡಿ ಮೂಲಬರಹವನ್ನು ಹಂಚಿದ 1978ರ ಪಾಲ್ ಬೆಳಕಿನಲ್ಲಿದೆ. ಎಲ್ಲವನ್ನೂ ಕಾಯ್ದಿರಿಸಿಕೊಂಡ ಈಚಿನ ಚಿಪ್‌ಗಳು ಕತ್ತಲೆಯಲ್ಲಿವೆ. ಆದುದರಿಂದ ಸಂಗ್ರಹಕಾರರು ಡೇಟಾಶೀಟೊಂದನ್ನು ಕೂಡಿಟ್ಟು ತೃಪ್ತರಾಗತಕ್ಕದ್ದಲ್ಲ. ಚಿಪ್ಪಿನ ಹೆಸರಿನ ಕೆಳಗೆ ನಾಲ್ಕು ಆಕರಗಳನ್ನೂ ಒಟ್ಟಿಗೆ, ಆವೃತ್ತಿ ತೇದಿಗಳ ಸಮೇತ ದಾಖಲಿಸಬೇಕು. ಎಲ್ಲಕ್ಕಿಂತ ಮೊದಲು, ನಿವೃತ್ತರಾಗುತ್ತಿರುವ ಎಂಜಿನಿಯರುಗಳ ಫ್ಲಾಪಿಗಳಲ್ಲಿಯೂ ಕಡತಗಳಲ್ಲಿಯೂ ಇರುವ ಸಮೀಕರಣಗಳ ಮೂಲಪಾಠವನ್ನು ಕೇಳಿ ಪಡೆಯಬೇಕು. ಏಕೆಂದರೆ ಡೇಟಾಬುಕ್ಕು ಸಾವಿರಾರು ಪ್ರತಿಗಳಲ್ಲಿ ಅಚ್ಚಾಯಿತು. ತಂತ್ರಾಂಶ ನೂರಾರು ಕಡೆಗೆ ಮಾರಾಟವಾಯಿತು. ಮೂಲಪಾಠವಾದರೋ ಎಷ್ಟೋ ಸಂದರ್ಭಗಳಲ್ಲಿ ಒಂದೇ ಪ್ರತಿ. ಒಂದೇ ಪ್ರತಿಯಿರುವ ಗ್ರಂಥವನ್ನು ಮೊದಲು ನಕಲು ಮಾಡಿಸತಕ್ಕದ್ದೆಂಬುದು ನಮ್ಮ ಹಸ್ತಪ್ರತಿ ಭಂಡಾರಗಳ ನಿಯಮ. ಅದು ಇಲ್ಲಿಯೂ ಅನ್ವಯಿಸುತ್ತದೆಂದು ನಾವು ಭಾವಿಸುತ್ತೇವೆ.